ಒಂಟಿ ಮನೆಯವರಿಗೊಂದು ಬಹಿರಂಗ ಪತ್ರ

ಟೊರೊಂಟೊದ ಕನ್ನಡ ಬಂಧುಗಳೇ,

ಕಳೆದ ಭಾನುವಾರ ನಿಮ್ಮಲ್ಲಿ ಮೂವರು ಸ್ಕಾರ್ಬರೋದ ನನ್ನ ಮನೆ ಬಾಗಿಲಿಗೆ ತಂದ ಮನವಿಗೆ ನಾನು ಸಹಿ ಹಾಕಲಿಲ್ಲ. ನಿಂತ ಕಾಲಲ್ಲಿ ಕಾರಣ ಹೇಳಲಾಗಲಿಲ್ಲ, ಅದಕ್ಕೇ ಈ ಪತ್ರ. ಮೂಲೆಯ ಹಳೇ ಮನೆ ಕೆಡವಿ ನಾಲ್ಕು ಮನೆ ಕಟ್ಟಕೂಡದು, ಊರಲ್ಲಿ ಈಗಾಗಲೇ ಜನ ಜಾಸ್ತಿಯಾಗಿದ್ದಾರೆ ಎಂದು ಅದರಲ್ಲಿ ಬರೆದಿದ್ದಿರಿ.

ಜಾಸ್ತಿಯಾಗಿರುವುದು ಎಲ್ಲಿ? 2021ರ ಜನಗಣತಿಯ ಪ್ರಕಾರ ಟೊರೊಂಟೊದಲ್ಲಿ 27,94,356 ಜನ. ಚದರ ಕಿಲೋಮೀಟರಿಗೆ ಸುಮಾರು 4,428. ಮಾಂಟ್ರಿಯಲ್‌ನಲ್ಲಿ 4,833, ವ್ಯಾಂಕೂವರ್‌ನಲ್ಲಿ 5,750. ಹತ್ತು ಲಕ್ಷ ದಾಟಿದ ಒಟಾವಾದ್ದು ಬರೀ 365, ಏಕೆಂದರೆ 2001ರಲ್ಲಿ ಸುತ್ತಲಿನ ಹಳ್ಳಿ, ಹೊಲಗಳನ್ನೂ ಅದಕ್ಕೆ ಸೇರಿಸಿದರು. ನಮ್ಮ 4,428 ಕೂಡ ಹೀಗೇ ಕಲಸಿದ ಲೆಕ್ಕ. ನಮ್ಮ ನಗರದ ಸೇಂಟ್ ಜೇಮ್ಸ್ ಟೌನಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಜನ ಕಿಕ್ಕಿರಿದಿದ್ದರೆ, ಒಂಟಿ ಮನೆಗಳ ಎಷ್ಟೋ ಬಡಾವಣೆಗಳಲ್ಲಿ ಮಕ್ಕಳು ಬೆಳೆದು ಹೊರಟುಹೋಗಿ ಜನ ಕಡಿಮೆಯಾಗುತ್ತಿದ್ದಾರೆ. ವಾಸದ ಜಾಗದ ಬಹುಪಾಲನ್ನು ದಶಕಗಳ ಕಾಲ ಒಂಟಿ ಮನೆಗಳಿಗೇ ಮೀಸಲಿಟ್ಟಿದ್ದರು. 2023ರ ಮೇ ತಿಂಗಳಲ್ಲಿ ನಗರಸಭೆ ಆ ಬೀಗ ತೆಗೆಯಿತು. ಒಂದು ನಿವೇಶನದಲ್ಲಿ ನಾಲ್ಕು ಮನೆಗಳವರೆಗೆ ಕಟ್ಟಬಹುದು ಎಂದಿತು. ನೀವು ಮತ್ತೆ ಹಾಕಿಸಲು ಹೊರಟಿರುವುದು ಅದೇ ಬೀಗ.

ಆ ಬೀಗದ ಬೆಲೆ ನನಗೆ ಗೊತ್ತು. ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನು ಬೇಸ್‌ಮೆಂಟಿನಲ್ಲಿದ್ದೆ. ಕಿಟಕಿ ಎಂದರೆ ಸೂರಿಗೆ ತಾಗಿದ ಮೊಳದುದ್ದದ ಗಾಜು. ಹಿಮ ಬಿದ್ದರೆ ಅದೂ ಮುಚ್ಚಿಹೋಗಿ ಮಟಮಟ ಮಧ್ಯಾಹ್ನ ದೀಪ ಹಾಕಬೇಕು. ತಲೆಯ ಮೇಲೆ ಮಾಲೀಕರ ಎರಡು ಕೋಣೆ ಖಾಲಿ ಬಿದ್ದಿದ್ದವು. ನಿಮ್ಮಲ್ಲೂ ಹಲವರು ಹೀಗೇ ಶುರು ಮಾಡಿದವರು. ಆ ತೇವದ ವಾಸನೆ ನಿಮಗೂ ಗೊತ್ತು.

ಮಾಂಟ್ರಿಯಲ್‌ನ ಪ್ಲಾಟೋ ಬಡಾವಣೆ ನೋಡಿದಾಗ ನನಗೆ ನೆನಪಾದದ್ದು ನಮ್ಮೂರ ವಠಾರ. ಎರಡು-ಮೂರು ಅಂತಸ್ತು, ಮೇಲಿನ ಮನೆಗೆ ಹೊರಗಿನಿಂದಲೇ ಬಳುಕಿ ಏರುವ ಕಬ್ಬಿಣದ ಮೆಟ್ಟಿಲು, ಬೀದಿಗೇ ತೆರೆಯುವ ಬಾಗಿಲುಗಳು. ಮೆಟ್ಟಿಲ ಮೇಲೆ ಕೂತ ಅಜ್ಜಿಯೊಬ್ಬರು ಕೆಳಗಿನ ಮನೆಯ ಮಗುವಿನ ಮೇಲೆ ಕಣ್ಣಿಟ್ಟಿದ್ದರು. ಆಕಾಶಕ್ಕೆ ಏರದೆ, ನೆಲದಡಿಗೂ ಇಳಿಯದೆ ಅಲ್ಲಿ ಜನ ಒತ್ತೊತ್ತಾಗಿ ಬದುಕಿದ್ದಾರೆ.

ನಮ್ಮ ಮೂಲೆಯಲ್ಲೂ ನಾಲ್ಕು ಮನೆ ಏಳಲಿ. ಈಗ ಯಾರದೋ ಬೇಸ್‌ಮೆಂಟಿನಲ್ಲಿರುವ ನಾಲ್ಕು ಸಂಸಾರಗಳಿಗೆ ಬಿಸಿಲು ಬೀಳುವ ಕಿಟಕಿ ಸಿಗಲಿ. ದಯವಿಟ್ಟು ಆ ಮನವಿಯನ್ನು ವಾಪಸ್ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಬೀದಿಯವನೇ ಒಬ್ಬ