ಸಾಯೋ ಪಾತ್ರ ಸಿಕ್ಕಿದೆ!

ಶಿವಮೊಗ್ಗದ ರಾಗಿಗುಡ್ಡದ ಏರಿನಲ್ಲಿ ಎರಡೂ ಪಾದ ಒಳಕ್ಕೆ ತಿರುಗಿಸಿಕೊಂಡು, ಬಾಯೊಳಗೇ ಏನೋ ಎಣಿಸುತ್ತ ಹತ್ತುವ ಹುಡುಗಿ ಕಂಡರೆ ‘ಕಾಲಿಗೇನಾಯ್ತಮ್ಮ’ ಎಂದು ಕೇಳಬೇಡಿ. ಉತ್ತರ ಅರ್ಧ ಗಂಟೆ ನಡೆಯುತ್ತದೆ. ಅವಳು ಬೀದಿಗೊಬ್ಬಳಂತೆ ಇರುವ ಬ್ಯಾಲೆ ಕಲಾವಿದೆ. ಆರನೇ ವಯಸ್ಸಿಗೆ ಭರತನಾಟ್ಯಕ್ಕೆ ಸೇರಿ, ಜೂನಿಯರ್, ಸೀನಿಯರ್ ಪಾಸು ಮಾಡಿ, ಗಣಪತಿ ಪೆಂಡಾಲಿನಲ್ಲಿ ಒಂದು ದೇವರನಾಮವನ್ನೂ ಬಿಡದೆ ಕುಣಿದು, ಕೊನೆಗೊಂದು ದಿನ ಜನಶತಾಬ್ದಿ ಹತ್ತಿ ಬೆಂಗಳೂರಿನ ಕಾರ್ಯಾಗಾರಕ್ಕೆ ಹೋಗಿ ‘ಕಂಟೆಂಪರರಿ’ಯಾಗಿ ವಾಪಸು ಬಂದವಳು.

ಈಗ ಅವಳಿಗೆ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆಯಲ್ಲಿ ಮುಖ್ಯ ಪಾತ್ರ. ವಸಂತ ಬರಲೆಂದು ಊರವರೆಲ್ಲ ಸೇರಿ ಒಬ್ಬಳನ್ನು ಆರಿಸುತ್ತಾರೆ. ಅವಳು ಕುಣಿಕುಣಿದೇ ಪ್ರಾಣ ಬಿಡಬೇಕು. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಇದರ ಮೊದಲ ಪ್ರದರ್ಶನವಾದಾಗ ಸಭಿಕರ ಗಲಾಟೆಗೆ ವಾದ್ಯಗಳೇ ಕೇಳಿಸಲಿಲ್ಲ. ನೃತ್ಯ ಸಂಯೋಜಿಸಿದ ನಿಜಿನ್‌ಸ್ಕಿ ರಂಗದ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತು ಲೆಕ್ಕ ಕೂಗಿದನಂತೆ. ಇದನ್ನು ಕೇಳಿದ ಪಕ್ಕದ ಮನೆ ಆಂಟಿ, ‘ಪಾಪ, ನಟ್ಟುವಾಂಗಕ್ಕೆ ಯಾರೂ ಸಿಕ್ಕಿರ್ಲಿಲ್ವಾ?’ ಎಂದರು. ನಿಜಿನ್‌ಸ್ಕಿಯ ಕಷ್ಟವನ್ನು ಇಷ್ಟು ಚೊಕ್ಕವಾಗಿ ಹೇಳಿದ ವಿಮರ್ಶಕರನ್ನು ನಾನಂತೂ ಓದಿಲ್ಲ.

ಹುಡುಗಿಯ ಕಷ್ಟ ಬೇರೆ. ವರ್ಷಗಟ್ಟಲೆ ಅರಮಂಡಿ ಕೂತು ಹೊರಕ್ಕೆ ತಿರುಗಿದ ಮಂಡಿಯನ್ನು ಈಗ ಒಳಕ್ಕೆ ತಿರುಗಿಸಬೇಕು. ನಗುಮುಖ ಕೂಡದು. ಇನ್ನು ತಾಳ! ಆದಿತಾಳದ ಎಂಟಕ್ಷರ ಇವಳ ರಕ್ತದಲ್ಲಿದೆ. ಆದರೆ ಕೊನೆಯ ಬಲಿ ನೃತ್ಯದಲ್ಲಿ ಲೆಕ್ಕ ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ. ಮೂರು, ಎರಡು, ಐದು, ಯಾವಾಗ ಯಾವುದೋ. ಮಗುಚಿಟ್ಟ ಬಕೆಟ್ಟಿಗೆ ಫೋನ್ ಒರಗಿಸಿಕೊಂಡು ತಾರಸಿಯಲ್ಲಿ ‘ತಕಿಟ, ತಕ, ತಕತಕಿಟ’ ಎಂದು ನೆಗೆಯುತ್ತಿದ್ದರೆ ಕೆಳಗಿನಿಂದ ಅಮ್ಮನ ಕೂಗು: ‘ನಿನ್ನ ತಕಿಟದಲ್ಲಿ ಕುಕ್ಕರ್ ಎಷ್ಟು ವಿಷಲ್ ಹಾಕ್ತು ಅಂತ್ಲೇ ಗೊತ್ತಾಗ್ಲಿಲ್ಲ, ಮಾರಾಯ್ತಿ!’ ಅವತ್ತು ಬೇಳೆ ಪಾಯಸದಂತಾಗಿತ್ತು.

ಮಳೆ ಬಂದರೆ ಅಭ್ಯಾಸ ನಡುಮನೆಗೆ ಇಳಿಯುತ್ತದೆ. ಅಲ್ಲಿ ಬೀಳುವುದು, ಉರುಳುವುದು, ಏಳುವುದು.

‘ಎಂತ ಅದು?’

‘ಟೆಕ್ನಿಕ್, ಅಮ್ಮ. ಬಿದ್ದು ಏಳೋದು.’

‘ಅದಕ್ಕೆ ಫೀಸು ಬೇರೆ ಕೊಟ್ಯಾ? ನಮ್ಮ ರಸ್ತೆ ಮಳೆಗಾಲದಲ್ಲಿ ಪುಕ್ಕಟೆ ಕಲಿಸುತ್ತೆ. ಹೇಗೂ ಉರುಳ್ತೀಯ, ಒಂದು ಒದ್ದೆಬಟ್ಟೆ ಸುತ್ಕೊ. ನೆಲನಾದ್ರೂ ಒರೆಸಿದ ಹಾಗಾಗತ್ತೆ.’

1975ರಲ್ಲಿ ಜರ್ಮನಿಯ ಪೀನಾ ಬೌಶ್ ಇದೇ ಕಥೆಗೆ ರಂಗದ ತುಂಬ ಮಣ್ಣು ಹರಡಿಸಿ, ಅದರ ಮೇಲೆ ಕಲಾವಿದರನ್ನು ಕುಣಿಸಿದ ವಿಷಯ ಹುಡುಗಿಗೆ ಗೊತ್ತು. ಅಮ್ಮನಿಗೆ ಹೇಳಿಲ್ಲ. ಬುದ್ಧಿವಂತೆ.

ವಾದಕ್ಕೆ ನಿಂತರೆ ಅವಳ ಕೈಯಲ್ಲಿರುವ ಬ್ರಹ್ಮಾಸ್ತ್ರ ಮಾಯಾ ರಾವ್. ‘ನಮ್ಮ ಬೆಂಗಳೂರಿನವರೇ, ಕಥಕ್ ಕಲಿತೋರು, ಅರುವತ್ತರ ದಶಕದಲ್ಲೇ ಮಾಸ್ಕೋಗೆ ಹೋಗಿ ಕೊರಿಯೋಗ್ರಫಿ ಓದ್ಕೊಂಡು ಬಂದ್ರು. ನಾನು ಬೆಂಗಳೂರಿಗೆ ಹೋಗೋದು ಹೆಚ್ಚಾ?’ ಅಪ್ಪ ಪೇಪರ್ ಎತ್ತಿ ಮುಖ ಮುಚ್ಚಿಕೊಳ್ಳುತ್ತಾರೆ. ಗೆಲುವು ಯಾರದೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಪಾತ್ರ ಅರ್ಥವಾದದ್ದು ಅಜ್ಜಿಗೊಬ್ಬರಿಗೇ. ಮೊದಲು ‘ಸಾಯೋ ಪಾತ್ರ’ ಎಂದಾಗ ‘ಬಿಡ್ತು ಅನ್ನು!’ ಎಂದು ಗದರಿದರು. ಕಥೆ ಪೂರ್ತಿ ಕೇಳಿ, ‘ಇದು ನಮ್ಮ ಕೆರೆಗೆ ಹಾರ ಅಲ್ವೇನೆ? ಕೆರೆಗೆ ನೀರು ಬರ್ಲಿ ಅಂತ ಕಿರಿಸೊಸೆ ಭಾಗೀರಥಿನ ಕೊಟ್ರು. ಅವ್ಳೇನು ಹಿಂಗೆ ಎಗರಾಡಿದ್ಲಾ? ತವರಿಗೆ ಹೋಗಿ ಬಂದ್ಲು, ಗೆಳತಿ ಹತ್ರ ಅತ್ಲು, ಆಮೇಲೆ ಸುಮ್ನೆ ಕೆರೆಗೆ ಹಾರವಾದ್ಲು. ನೀನು ಸ್ವಲ್ಪ ಹೊತ್ತು ಸುಮ್ನೆ ನಿಲ್ಲು ನೋಡೋಣ’ ಎಂದರು.

ತಮಾಷೆಯೆಂದರೆ, ನಿಜಿನ್‌ಸ್ಕಿಯ ಬಲಿ ಹುಡುಗಿಯೂ ಕುಣಿತಕ್ಕೆ ಮೊದಲು ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತಾಳೆ. ಇವಳ ಕೈಲಿ ಆಗದಿದ್ದದ್ದು ಅದೊಂದೇ. ನೆಗೆತಕ್ಕೆ ಚಪ್ಪಾಳೆ ಬರುತ್ತದೆ. ನಿಂತರೆ ಯಾರು ನೋಡುತ್ತಾರೆ ಎಂಬ ಚಡಪಡಿಕೆ. ಈಗ ಸಂಜೆ ಅಜ್ಜಿ ಜಗಲಿಯಲ್ಲಿ ಹೂ ಕಟ್ಟುತ್ತಾರೆ, ಮೊಮ್ಮಗಳು ಎದುರಿಗೆ ಕಂಬದಂತೆ ನಿಲ್ಲುತ್ತಾಳೆ. ಸೊಳ್ಳೆ ಹೊಡೆದುಕೊಂಡರೆ ಮತ್ತೆ ಮೊದಲಿನಿಂದ. ಒಂದು ಮೊಳ ಮುಗಿಯುವವರೆಗೂ ಅಲುಗಾಡದೆ ನಿಂತದ್ದನ್ನು ನಾನೇ ನೋಡಿದ್ದೇನೆ, ಚೆನ್ನಾಗಿ ನಿಂತಳು.

ಪ್ರದರ್ಶನ ಹತ್ತಿರವಾಗುತ್ತಿದೆ, ಬೀದಿಯ ಜನ ವಿಚಾರಿಸಲು ಶುರುಮಾಡಿದ್ದಾರೆ. ವಿಚಾರಣೆ ಕಲೆಯ ಬಗ್ಗೆಯಲ್ಲ, ಪಾಸಿನ ಬಗ್ಗೆ. ಸ್ವಾಮಿ, ಹುಡುಗಿ ವೇದಿಕೆ ಮೇಲೆ ಪ್ರಾಣ ಬಿಡುವವಳಿದ್ದಾಳೆ. ದಯವಿಟ್ಟು ಟಿಕೆಟ್ ಕೊಂಡು ಬನ್ನಿ.