ಜರ್ಮನಿ ಕಾಕಾ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಯಾವ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಗೆ ಹೋದರೂ ಈಗ ಒಬ್ಬ ಜರ್ಮನಿ ಕಾಕಾ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಉಳಿದವರು ಚಹಾ ಕುಡಿದು ಕಾಗದದ ಕಪ್ಪನ್ನು ಗಟಾರಕ್ಕೆ ಒಗೆದು ಮೀಸೆ ಒರೆಸಿಕೊಳ್ಳುವಾಗ, ಅವರೊಬ್ಬರು ಖಾಲಿ ಕಪ್ಪು ಹಿಡಿದು ಅತ್ತಿತ್ತ ನೋಡುತ್ತ ನಿಂತಿರುತ್ತಾರೆ. “ಯಾಕ್ರಿ ಕಾಕಾ, ಏನ್ ಹುಡಕಾಕತ್ತೀರಿ?” ಎಂದು ಯಾರಾದರೂ ಕೇಳುವ ತನಕ ಕಪ್ಪು ಕೈ ಬಿಡುವುದಿಲ್ಲ. ಕೇಳಿದರೋ, ಕೇಳಿದವನ ಬಸ್ಸು ಹೋದಂತೆಯೇ. “ಅಲ್ಲಿ ಕಾಗದಕ್ಕ ಬ್ಯಾರೆ ಡಬ್ಬಿ, ಪ್ಲಾಸ್ಟಿಕ್ಕಿಗೆ ಬ್ಯಾರೆ ಡಬ್ಬಿ, ಗಾಜಿನ ಬಾಟ್ಲಿಗೆ ಬ್ಯಾರೆ. ಅದರಾಗೂ ಬಿಳೀ ಗಾಜಿಗೊಂದು, ಹಸರ ಗಾಜಿಗೊಂದು ತಮ್ಮಾ...”

ಕಾಕಾ ತಾವಾಗಿ ಜರ್ಮನಿ ಬಯಸಿದವರಲ್ಲ. ಮಗ ಇಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡುತ್ತೇನೆಂದ. ಅಮೆರಿಕದ ಫೀ ಕೇಳಿ ಮನೆಯಲ್ಲಿ ಒಂದು ಹೊತ್ತು ಒಲೆ ಹತ್ತಲಿಲ್ಲ. ಜರ್ಮನಿಯ ಬಹಳಷ್ಟು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಯೇ ಇಲ್ಲ ಎಂದು ಗೊತ್ತಾದ ಮೇಲೆ ಕಾಕಾಗೆ ಆ ದೇಶದ ಮೇಲೆ ಏಕಾಏಕಿ ಗೌರವ ಹುಟ್ಟಿತು. ಆಮೇಲೆ ‘ಬ್ಲಾಕ್ಡ್ ಅಕೌಂಟ್’ ಎಂಬ ಮಾತು ಬಂತು. ಹುಡುಗನ ಒಂದು ವರ್ಷದ ಊಟ–ಬಾಡಿಗೆಯ ಹಣವನ್ನು ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು. ಈ ಮೊತ್ತ 2024ರ ಕೊನೆಗೆ 11,904 ಯೂರೋ ಮುಟ್ಟಿತ್ತು. ಕಬ್ಬಿನ ಬಿಲ್ಲು ಹೋಯಿತು, ಸೊಸೈಟಿಯಲ್ಲಿ ಸಾಲವಾಯಿತು, ಹೆಂಡತಿ ಕಾಕುವಿನ ಪಾಟ್ಲಿ ಬಳೆ ಬ್ಯಾಂಕಿನಲ್ಲಿ ಮಲಗಿದವು. ಆದ್ದರಿಂದ ಮಗನಿಗೆ ಸ್ಟುಟ್‌ಗಾರ್ಟಿನಲ್ಲಿ ನೌಕರಿ ಸಿಕ್ಕು, ಅಪ್ಪ–ಅವ್ವನಿಗೆ ಮೂರು ತಿಂಗಳ ವೀಸಾ ಬಂದಾಗ ಕಾಕಾ ಹೊರಟಿದ್ದು ಪ್ರವಾಸಕ್ಕಲ್ಲ, ವಸೂಲಿಗೆ.

ವಸೂಲಿ ಮುಂಬೈಯಲ್ಲೇ ಸುರುವಾಯಿತು. ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪಿನೊಳಗೆ ಬಿಡುವುದಿಲ್ಲವೆಂದು ಮಗ ಫೋನಿನಲ್ಲಿ ಹೇಳಿದ್ದು ವಿಮಾನ ನಿಲ್ದಾಣದ ಬಾಗಿಲಲ್ಲಿ. ಬೆಳಗಾವಿ ಕುಂದಾ ಚೀಲದಲ್ಲಿತ್ತು. ಬಿಟ್ಟುಬರುವ ಜಾಯಮಾನ ಕಾಕಾದಲ್ಲ. ನಿಂತಲ್ಲೇ ಡಬ್ಬಿ ಬರಿದು ಮಾಡಿ, ನೀರು ಕುಡಿದು, ಒಳಗೆ ಹೋದರು. ಭಡಂಗ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸುರಕ್ಷಿತವಾಗಿ ಜರ್ಮನಿ ತಲುಪಿದವು.

ಅಲ್ಲಿ ಕಾಕಾ ಕೈಗೆ ಸಿಕ್ಕಿದ್ದು ತಿಂಗಳ ಪಾಸು. ಜರ್ಮನಿಯವರು 2023ರ ಮೇ ತಿಂಗಳಲ್ಲಿ 49 ಯೂರೋಕ್ಕೆ ಸುರು ಮಾಡಿದ ಟಿಕೆಟ್ಟು ಅದು. ಆಮೇಲೆ ದರ ಏರಿಸಿದ್ದಾರೆ. ವೇಗದ ರೈಲು ಬಿಟ್ಟು ಇಡೀ ದೇಶದ ಪ್ಯಾಸೆಂಜರ್ ಗಾಡಿ, ಸಿಟಿ ಬಸ್ಸು, ಟ್ರಾಮು ಏನನ್ನು ಬೇಕಾದರೂ ಹತ್ತಬಹುದು. ಮನೆಯಲ್ಲಿ ಕುಳಿತ ದಿನ ಇಷ್ಟು ಯೂರೋ ಲುಕ್ಸಾನು ಎಂದು ಕಾಕಾ ಲೆಕ್ಕ ಹಾಕಿದರು. ಹೀಗಾಗಿ ಅವರು ನೋಡಿದ ಐತಿಹಾಸಿಕ ಊರುಗಳೆಲ್ಲ ಇತಿಹಾಸದ ಆಸೆಯಿಂದ ನೋಡಿದವಲ್ಲ. ಅವರು ಮುದುಡಿ ಕೂತಿದ್ದ ಗಾಡಿ ಆ ಊರುಗಳಲ್ಲಿ ನಿಂತಿತು, ಅಷ್ಟೆ.

ಆದರೂ ರೋಥೆನ್‌ಬುರ್ಗ್ ಕಾಕಾಗೆ ನಿಜವಾಗಿ ಹಿಡಿಸಿತು. ಟೌಬರ್ ನದಿಯ ಮೇಲ್ದಂಡೆಯಲ್ಲಿ ಕೋಟೆ ಗೋಡೆಯೊಳಗೆ ಇರುವ ಸಣ್ಣ ಊರು. ಕೆಂಪು ಹಂಚು, ಕಟ್ಟಿಗೆಯ ಚೌಕಟ್ಟಿನ ಮನೆ, ಕಲ್ಲು ಹಾಸಿದ ಬೀದಿ. ಆ ಕಲ್ಲುಬೀದಿಯಲ್ಲಿ ಕಾಕಾ ಅಥಣಿಯ ಕಾಲ್ಮರಿ ಮೆಟ್ಟಿಕೊಂಡು ಕರ್ ಕರ್ ಎಂದು ನಡೆದರೆ, ಸದ್ದಿಗೆ ಬೆಚ್ಚಿ ಕಿಟಕಿಯ ಪರದೆ ಸರಿಸಿ ನೋಡಿದವರು ಎಷ್ಟು ಮಂದಿ ಎಂಬುದನ್ನು ಅವರೇ ಹೇಳುತ್ತಾರೆ, ಸಂಖ್ಯೆ ಮಾತ್ರ ಪ್ರತಿಸಲ ಏರುತ್ತದೆ. 1945ರ ಮಾರ್ಚ್ 31ರಂದು ಬಾಂಬು ಬಿದ್ದು ಊರಿನ ಒಂದು ಭಾಗ, ಕೋಟೆ ಗೋಡೆಯ ಉದ್ದನೆಯ ತುಂಡು ನೆಲಕ್ಕಿಳಿದವು. ಮತ್ತೆ ಕಟ್ಟಲು ಲೋಕದ ನಾನಾ ಕಡೆಯಿಂದ ದೇಣಿಗೆ ಬಂತು. ಕೊಟ್ಟವರ ಹೆಸರು, ಎಷ್ಟು ಮೀಟರ್ ಗೋಡೆಗೆ ಕೊಟ್ಟರು ಎಂಬುದನ್ನು ಕಲ್ಲಿನಲ್ಲಿ ಕೆತ್ತಿ ಗೋಡೆಗೇ ಕೂಡಿಸಿದ್ದಾರೆ. ನಮ್ಮ ಗುಡಿಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ತಿರುಗುವ ಹಾಗೆಯೇ. ಕಾಕಾ ಗೋಡೆಯ ಮೇಲಿನ ಓಣಿಯುದ್ದಕ್ಕೂ ನಡೆದು ಹೆಸರು ಓದಿದರು. “ನಮ್ಮ ಕಡೆಯವರ ಹೆಸರ ಒಂದೂ ಕಾಣಲಿಲ್ಲ ನೋಡ್ರಿ” ಎಂದು ಊರಿಗೆ ಬಂದು ಪತ್ತಿನ ಸಂಘದ ಚೇರ್ಮನ್ನರ ಎದುರು ಪೇಚಾಡಿದರು. ಚೇರ್ಮನ್ನರು ಮೀಟರಿಗೆ ಎಷ್ಟು ಎಂದು ವಿಚಾರಿಸಿದ್ದೂ ನಿಜ.

ಅದೇ ಊರಿನ ದೊಡ್ಡ ಚೌಕದಲ್ಲಿ ಒಂದು ಗಡಿಯಾರವಿದೆ. ಗಂಟೆ ಹೊಡೆದಾಗ ಅಕ್ಕಪಕ್ಕದ ಕಿಂಡಿ ತೆರೆದು ಎರಡು ಗೊಂಬೆ ಕಾಣುತ್ತವೆ. ದಂತಕಥೆ ಹೀಗೆ: 1631ರಲ್ಲಿ, ಮೂವತ್ತು ವರ್ಷಗಳ ಯುದ್ಧದ ಕಾಲಕ್ಕೆ, ಟಿಲ್ಲಿ ಎಂಬ ಸೇನಾಪತಿ ಊರು ಹಿಡಿದು ಸುಡಲು ನಿಂತ. ಮೂರೂ ಕಾಲು ಲೀಟರ್ ವೈನು ಹಿಡಿಯುವ ಪಾತ್ರೆಯನ್ನು ಒಂದೇ ಗುಟುಕಿಗೆ ಬರಿದು ಮಾಡುವ ಗಂಡಸಿದ್ದರೆ ಊರು ಬಿಡುತ್ತೇನೆಂದ. ಹಳೇ ಮೇಯರ್ ನುಶ್ ಕುಡಿದ, ಊರು ಉಳಿಯಿತು. ಕಾಕಾ ಈ ಕಥೆಯನ್ನು ಚಹಾದಂಗಡಿಯಲ್ಲಿ ವೈನು ಎಂದೇ ಹೇಳುತ್ತಾರೆ. ಅಥಣಿಯ ಗಚ್ಚಿನ ಮಠದ ಕಟ್ಟೆಯ ಮೇಲೆ ಹೇಳುವಾಗ ಅದು ದ್ರಾಕ್ಷಿ ರಸವಾಗುತ್ತದೆ. ಬೀಗರ ಮನೆಯಲ್ಲಿ ಹೇಳಿದಾಗ ಮಜ್ಜಿಗೆಯಾಗಿತ್ತೆಂದು ಕೇಳಿದ್ದೇನೆ.

ಕಲೋನ್ ಚರ್ಚನ್ನು ಕಾಕಾ ಬಳಸಿಕೊಂಡ ರೀತಿ ಬೇರೆ. 1248ರಲ್ಲಿ ಕಟ್ಟಲು ಹಿಡಿದು 1880ರಲ್ಲಿ ಮುಗಿಸಿದರು, 632 ವರ್ಷ. ನಡುವೆ ದುಡ್ಡು, ಉತ್ಸಾಹ ಎರಡೂ ತೀರಿ ಕೆಲಸ ನಿಂತಾಗ ಅರ್ಧಂಬರ್ಧ ಗೋಪುರದ ಮೇಲಿನ ಕಟ್ಟಿಗೆಯ ಕ್ರೇನು ಸುಮಾರು ನಾನೂರು ವರ್ಷ ಅಲ್ಲೇ ನಿಂತಿತ್ತು. ನಮ್ಮಲ್ಲಿ ಮಳೆಗಾಲಕ್ಕೆ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಕೆಳಸೇತುವೆಗಳು ಮುಳುಗುತ್ತವೆ. ಮುಳುಗಿದಾಗಲೆಲ್ಲ ಜನ ಮುಗಿಯದ ಹೊಸ ಸೇತುವೆಯ ಕಾಂಟ್ರ್ಯಾಕ್ಟರನನ್ನು ಬೈಯುತ್ತಾರೆ. ಅಂಥ ಒಂದು ಬೈಗುಳದ ನಡುವೆ ಕಾಕಾ ಎದ್ದು, “ಕಲೋನಿನಾಗ ಕ್ರೇನು ನಾನೂರು ವರ್ಷ ನಿಂತಿತ್ತು. ಅವರು ಯಾರಿಗಾದ್ರೂ ಬೈದ್ರೇನು? ನೀವು ನಾಕ್ ವರ್ಷಕ್ಕ ಬಾಯಿ ಮಾಡ್ತೀರಿ” ಎಂದರು. ಕಾಂಟ್ರ್ಯಾಕ್ಟರ ಅಂದು ಕಾಕಾಗೆ ಎರಡು ಪ್ಲೇಟು ಮಿರ್ಚಿ ಭಜಿ ಹೇಳಿದ. ಈಗಲೂ ಟೀಕೆ ಬಂದಲ್ಲಿಗೆ ಕಾಕಾನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ.

ಹೈಡಲ್‌ಬರ್ಗಿನ ಅರಮನೆ ಅವರಿಗೆ ವ್ಯಾಪಾರ ಕಲಿಸಿತು. ಫ್ರೆಂಚರು 1689ರಲ್ಲೂ 1693ರಲ್ಲೂ ಒಡೆದದ್ದು, 1764ರಲ್ಲಿ ಸಿಡಿಲು ಬಡಿದದ್ದು. ಬಿದ್ದದ್ದನ್ನು ಬಿದ್ದ ಹಾಗೇ ಇಟ್ಟು ಟಿಕೆಟ್ ಹಚ್ಚಿದ್ದಾರೆ. ನೆಲಮಾಳಿಗೆಯಲ್ಲಿ ಎರಡು ಲಕ್ಷ ಲೀಟರಿಗೂ ಮಿಕ್ಕಿ ಹಿಡಿಯುವ ಮರದ ಪೀಪಾಯಿ ಇದೆ; ಉಗಾರ ಸಕ್ಕರೆ ಕಾರ್ಖಾನೆಯ ಕಾಕಂಬಿ ಟಾಕಿ ಕಂಡವರಿಗೆ ಅದೇನು ಮಹಾ ಎಂದು ಕಾಕಾ ಅದನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಬಿದ್ದ ಗೋಡೆಯ ವಿಷಯ ಹಾಗಲ್ಲ. “ನಮ್ಮ ದೇಸಾಯರ ವಾಡೇನೂ ಬಿದ್ದೈತಿ. ಎಮ್ಮಿ ಕಟ್ಟೂದು ಬಿಡಿಸಿ ಟಿಕೆಟ್ ಹಚ್ಚಿದ್ರ ಪಂಚಾಯ್ತಿ ಉದ್ಧಾರ ಆಗ್ತೈತಿ” ಎಂದು ಅರ್ಜಿ ಬರೆದರು. ಎಮ್ಮೆಗಳ ಮಾಲೀಕ ಪಂಚಾಯ್ತಿ ಸದಸ್ಯನೇ ಆದ್ದರಿಂದ ಅದು ಮುಂದೆ ಹೋಗಿಲ್ಲ. ಇಷ್ಟೆಲ್ಲ ಹೇಳುವವರು ಕಾಗವಾಡ ತಾಲೂಕಿನ ಜುಗೂಳದ ಎದುರು, ಕೃಷ್ಣೆಯ ಆಚೆ ದಂಡೆಯಲ್ಲಿರುವ ಖಿದ್ರಾಪುರಕ್ಕೆ ಹೋಗಿದ್ದಾರೆಯೇ? ಶಿಲಾಹಾರರ ಕಾಲದ ಕೋಪೇಶ್ವರ ಗುಡಿ. ಅದರ ಸ್ವರ್ಗಮಂಟಪದ ನಡುವೆ ಆಕಾಶ ಕಾಣಲೆಂದೇ ದುಂಡಗೆ ಬಿಟ್ಟ ಕಿಂಡಿ ಇದೆ. “ಛತ್ತ ಅರ್ಧಾ ಇಲ್ಲಂತಲ್ರಿ, ರಿಪೇರಿ ಆಗ್ಲಿ ಹೋಗೂಣು” ಎನ್ನುತ್ತಾರೆ.

ಉಲ್ಮ್ ಚರ್ಚಿನ ಗೋಪುರ 161.5 ಮೀಟರ್, 768 ಮೆಟ್ಟಿಲು. ಲೋಕದಲ್ಲೇ ಎತ್ತರದ ಚರ್ಚು ಎಂದು ಕಾಕಾ ಸಾರುತ್ತ ಬಂದಿದ್ದರು. 2025ರ ಅಕ್ಟೋಬರಿನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಅದನ್ನು ಒಂದು ಚೂರು ಮೀರಿಸಿತು. ಸುದ್ದಿ ಓದಿದ ದಿನ ಕಾಕಾ ಚಹಾದಂಗಡಿಗೆ ಬರಲಿಲ್ಲ.

ಕಾಕಾ ಹೇಳದೆ ಬಿಟ್ಟದ್ದನ್ನು ಕಾಕುವಿನಿಂದ ಕೇಳಬೇಕು. “ಜರ್ಮನಿ ರೈಲು ಅಂದ್ರ ಸೆಕೆಂಡಿಗೆ ಸೆಕೆಂಡು” ಎಂದು ಕಾಕಾ ಚಿಟಿಕೆ ಹೊಡೆಯುತ್ತಾರೆ. 2024ರಲ್ಲಿ ಅಲ್ಲಿಯ ದೂರದ ರೈಲುಗಳಲ್ಲಿ ನೂರಕ್ಕೆ 37 ತಡವಾಗಿ ಬಂದವು, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಹಿಡಿಯದೆ. “ಚಿಕ್ಕೋಡಿ ರೋಡ್ ಸ್ಟೇಷನ್ನಿನಾಗ ಕೂತಂಗ ಕೂತಿದ್ವಿ” ಎನ್ನುತ್ತಾರೆ ಕಾಕು. ಆ ಸ್ಟೇಷನ್ನಿಗೂ ಚಿಕ್ಕೋಡಿಗೂ ಇರುವ ನಂಟು ಹೆಸರಿನದಷ್ಟೇ ಎಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಇನ್ನು ಬಾಟ್ಲಿ. ಅಂಗಡಿಯ ಯಂತ್ರಕ್ಕೆ ಖಾಲಿ ಪ್ಲಾಸ್ಟಿಕ್ ಬಾಟ್ಲಿ ಹಾಕಿದರೆ 25 ಸೆಂಟು ವಾಪಸು. ಅರಮನೆಯ ತೋಟದಲ್ಲಿ ಎಲ್ಲರೂ ಹೂವು ನೋಡುತ್ತಿದ್ದರೆ ಕಾಕಾ ಬೆಂಚುಗಳ ಕೆಳಗೆ ನೋಡುತ್ತಿದ್ದರಂತೆ. ಮಗ ಮೂರು ಹೆಜ್ಜೆ ದೂರ ನಡೆಯುತ್ತಿದ್ದನಂತೆ. ಕಾಕುವಿನ ಸ್ವಂತ ಜರ್ಮನಿ ಒಂದೇ: ಹಸಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟ ಕೂಡಲೇ ಛತ್ತಿನಲ್ಲಿದ್ದ ಹೊಗೆಯ ಯಂತ್ರ ಕೂಗಿದ್ದು, ಮೂರನೇ ಮಹಡಿಯ ಮುದುಕಿ ಬೆಕ್ಕನ್ನೆತ್ತಿಕೊಂಡು ಬೀದಿಗಿಳಿದದ್ದು.

ಕಪ್ಪು ಕಾಡಿನಿಂದ ತಂದ ಕೋಗಿಲೆ ಗಡಿಯಾರ ಪಡಸಾಲೆಯಲ್ಲಿದೆ. ಅದಕ್ಕೆ ನಮ್ಮೂರ ಟೈಮು ಇಟ್ಟಿಲ್ಲ. ಮಾರ್ಚ್ ಕೊನೆಯ, ಅಕ್ಟೋಬರ್ ಕೊನೆಯ ರವಿವಾರ ಕಾಕಾ ಸ್ಟೂಲು ಹತ್ತಿ ಮುಳ್ಳನ್ನು ಒಂದು ತಾಸು ಹಿಂದೆ ಮುಂದೆ ಮಾಡುತ್ತಾರೆ. ಮಗ ಎದ್ದನೋ ಇಲ್ಲವೋ ತಿಳಿಯಬೇಕಲ್ಲ. ಬಂದ ನೆಂಟರು ಬಸ್ ತಪ್ಪಿಸಿಕೊಂಡರೆ ಅವರ ನಸೀಬು.

ಮೊನ್ನೆ ರಾಯಬಾಗದ ಒಂದು ಲಗ್ನದಲ್ಲಿ ಕಾಕಾಗೆ ಎದುರಾಳಿ ಸಿಕ್ಕರು: ನಿಪ್ಪಾಣಿಯ ತಂಬಾಕು ವ್ಯಾಪಾರಿ, ಕೊಲ್ಲಾಪುರದಿಂದ ಗ್ರೂಪ್ ಟೂರಿನಲ್ಲಿ ಎಂಟು ದಿನಕ್ಕೆ ಆರು ದೇಶ ನೋಡಿದವರು. ಒಂದೇ ಪಂಕ್ತಿ, ನಡುವೆ ಬುಂದಿ ಲಾಡು. ಇವರು ರೋಥೆನ್‌ಬುರ್ಗ್ ಎಂದರೆ ಅವರು ನೊಯ್‌ಶ್ವಾನ್‌ಸ್ಟೈನ್ ಅರಮನೆ ಎಂದರು. ಬಸ್ಸಿನ ಕಿಟಕಿಯಿಂದ ನೋಡಿದ್ದು ನೋಡಿದ್ದೇ ಅಲ್ಲ ಎಂದು ಇವರು, ಬಾಟ್ಲಿ ಆರಿಸಿದ್ದು ಪ್ರವಾಸವೇ ಅಲ್ಲ ಎಂದು ಅವರು. ಸುದ್ದಿ ನಿಪ್ಪಾಣಿಯ ತನಕ ಹೋಗಿತ್ತೆಂದಾಯಿತು. ಎದುರಿನ ಸಾಲಿನಲ್ಲಿ ಕೂತ ಹೈಸ್ಕೂಲಿನ ಕನ್ನಡ ಮಾಸ್ತರರು ಜಗಳ ಬಿಡಿಸಲು ಒಳ್ಳೇ ಮಾತು ತೆಗೆದರು: “ಸ್ಟುಟ್‌ಗಾರ್ಟಿನ ಹತ್ತಿರಾನ ತ್ಯೂಬಿಂಗನ್ ಅಲ್ರಿ? ನಮ್ಮ ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಸಾಹೇಬರು ಇದ್ದ ಊರು. 1894ರಾಗ ಪುಸ್ತಕ ಬಂತು, 1903ರಾಗ ಅಲ್ಲೇ...”

ಮಾಸ್ತರರ ಎಲೆಗೆ ಸಾರು ಬಂತು, ಮಾತು ಅರ್ಧಕ್ಕೆ ನಿಂತಿತು. ಕಾಕಾ ಸೋಲುವ ಪೈಕಿಯಲ್ಲ.

“ತ್ಯೂಬಿಂಗನ್ನಿಗೆ ಹೋಗಿದ್ದೆವ್ರಿ ಮಾಸ್ತರ. ಆದ್ರ ಅವತ್ತ ಕಿಟ್ಟೆಲ್ ಅವ್ರು ಊರಾಗ ಇರಲಿಲ್ಲ.”

ತಂಬಾಕಿನವರು ಲಾಡು ಮುರಿದು ಬಾಯಿಗೆ ಹಾಕಿಕೊಂಡರು.

“ನಮ್ಮ ಪ್ಯಾಕೇಜಿನಾಗ ಅವ್ರ ಇರಲೇ ಇಲ್ರಿ.”