ಹಿಂದ್ಲುದು ತಾನೇ ಬತ್ತದೆ

ಹಾಸನ ಸೀಮೆಯ ಟ್ರ್ಯಾಕ್ಟರ್ ಯಜಮಾನರಲ್ಲಿ ಒಂದು ಬಗೆಯವರಿದ್ದಾರೆ. ಅವರಿಗೆ ಡಿಎಲ್ ಇಲ್ಲ ಎನ್ನುವುದು ಸುಳ್ಳು. ಕೇಳಿದ ಕೂಡಲೇ ಅಂಗಿಜೇಬಿನಿಂದ ತೆಗೆದು ತೋರಿಸುತ್ತಾರೆ. ಓದಿ ನೋಡಿದರೆ ಅದು ಗೇರ್ ಬೈಕಿನದು. ಅರಕಲಗೂಡಿನ ಹೊಗೆಸೊಪ್ಪು, ಹೊಳೆನರಸೀಪುರದ ಭತ್ತ, ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೊರಟ ಹಳ್ಳಿಕಾರ್ ಜೋಡಿ, ಎಲ್ಲವೂ ಆ ಒಂದು ಕಾರ್ಡಿನ ಮೇಲೆಯೇ ಸಾಗುತ್ತವೆ. 'ಮುಂದ್ಲುದು ಓಡ್ಸಕ್ಕೆ ಬಂದ್ರೆ ಸಾಕು, ಹಿಂದ್ಲುದು ತಾನೇ ಬತ್ತದೆ' ಎಂಬುದು ಅವರ ಸಿದ್ಧಾಂತ. ಇದನ್ನು ಉಡಾಫೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವುದು ಮರ್ಯಾದೆಯ ಪ್ರಶ್ನೆ.

ಏಕೆಂದರೆ ಕಾನೂನು ಅವರ ಮೇಲೆ ಹಗೆ ಸಾಧಿಸುತ್ತಿಲ್ಲ. ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರನ್ನು 1988ರ ಮೋಟಾರು ವಾಹನ ಕಾಯ್ದೆ ಲಘು ವಾಹನವೆಂದೇ ಕರೆಯುತ್ತದೆ. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಚಾಲಕನ ಲೈಸೆನ್ಸ್ ಕೆಲಸಕ್ಕೆ ಬಾರದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ನಾಗಶೆಟ್ಟಿ ಪ್ರಕರಣದಲ್ಲಿ 2001ರಲ್ಲೇ ಹೇಳಿತು. ಅಂದರೆ ಹಿಂದಿನದು ತಾನೇ ಬರುತ್ತದೆ ಎಂಬ ವಾದಕ್ಕೆ ದಿಲ್ಲಿಯಿಂದಲೇ ಅರ್ಧ ಒಪ್ಪಿಗೆ ಸಿಕ್ಕಂತೆ. ಉಳಿದರ್ಧಕ್ಕೆ, ಮುಂದಿನದಕ್ಕೊಂದು ಲೈಸೆನ್ಸ್ ಬೇಕಲ್ಲ, ಅಲ್ಲಿ ಯಜಮಾನರು ಕೂತುಬಿಡುತ್ತಾರೆ.

ಆಫೀಸು ಅಲೆಯಲು ಪುರುಸೊತ್ತಿಲ್ಲದೆ ಹೀಗಾಗಿದೆ ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಇದೇ ಮನುಷ್ಯ ಪಹಣಿಯ ಒಂದಕ್ಷರ ತಿದ್ದಿಸಲು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಾರೆ. ಟ್ರ್ಯಾಕ್ಟರಿಗೊಂದು, ಟ್ರೇಲರಿಗೊಂದು ಕೆಎ-13ರ ನಂಬರು ಮಾಡಿಸಿ, ಆಯುಧಪೂಜೆಗೆ ಎರಡಕ್ಕೂ ಕುಂಬಳಕಾಯಿ ಒಡೆಯುತ್ತಾರೆ. ಗಾಡಿಯನ್ನು ಪರೀಕ್ಷಿಸುವ ಕಾಗದದ ಮೇಲೆ ಅವರಿಗೆ ತಕರಾರಿಲ್ಲ. ತಮ್ಮನ್ನು ಪರೀಕ್ಷಿಸುವುದರ ಮೇಲಷ್ಟೇ. ಎಲ್‌ಎಲ್‌ಆರ್ ಮಾಡಿಸಿ ಕನಿಷ್ಠ 30 ದಿನ ಕಾಯಬೇಕು, ಗಾಡಿಗೆ ಕೆಂಪಕ್ಷರದ ಎಲ್ ಬೋರ್ಡ್ ಹಾಕಬೇಕು. ಅರ್ಧ ಊರಿಗೆ ಉಳುಮೆ ಹೇಳಿಕೊಟ್ಟವರು ಆ ಅಕ್ಷರ ಕಟ್ಟಿಕೊಂಡು ಅರಳಿಕಟ್ಟೆ ಮುಂದೆ ಹಾದುಹೋಗುವುದುಂಟೇ?

ಅಷ್ಟು ನುರಿತವರಿಗೆ ಪರೀಕ್ಷೆಯಾದರೂ ಯಾಕೆ ಎಂದು ಕೇಳಬಹುದು. ಮುಂದಕ್ಕೆ ಹೋಗುವಷ್ಟು ಹೊತ್ತೂ ಆ ಮಾತು ನಿಜ. ಹಿಂದಕ್ಕೆ ಬರುವಾಗ ಟ್ರೇಲರ್ ಎಡಕ್ಕೆ ತಿರುಗಬೇಕೆಂದರೆ ಸ್ಟೇರಿಂಗ್ ಬಲಕ್ಕೆ ಕಚ್ಚಬೇಕು, ತಿರುಗಿದೊಡನೆ ಮರಳಿ ಎಡಕ್ಕೆ ಬಿಡಬೇಕು. ತಡವಾದರೆ ಎರಡೂ ಮಂಡಿ ಮಡಚಿ ಕೂರುತ್ತವೆ. ಜಾತ್ರೆಯ ಬಯಲಲ್ಲಿ ಇದನ್ನು ನೋಡಬೇಕು. ಜಾನುವಾರು ಸಾಗಣೆಯ ನಿಯಮ ದನವೊಂದಕ್ಕೆ 2 ಚದರ ಮೀಟರ್ ಜಾಗ ಕೇಳುತ್ತದೆ (ಕುದುರೆಗೆ 2.25; ಅದು ಗತ್ತಿನ ಪ್ರಾಣಿ). ಹತ್ತಡಿ ಉದ್ದ, ಆರಡಿ ಅಗಲದ ಟ್ರೇಲರಿನಲ್ಲಿ ಲೆಕ್ಕಕ್ಕೆ ಹಿಡಿಯುವುದು ಎರಡೂಮುಕ್ಕಾಲು ಎತ್ತು. ಆ ಮುಕ್ಕಾಲಿನ ಜಾಗದಲ್ಲಿ ಹುಲ್ಲು, ಬೂಸಾ ಮೂಟೆ ಮತ್ತು ಮೂವರು ಭಾವಮೈದುನರು. 'ಬರ್ಲಿ, ಬರ್ಲಿ, ಲೆಫ್ಟು, ಅಣ್ಣ ಲೆಫ್ಟು!' ಎಂದು ಹತ್ತು ದಿಕ್ಕಿನಿಂದ ಕೂಗು. ಟ್ರೇಲರ್ ಕೇಳಿದ್ದಕ್ಕೆ ವಿರುದ್ಧವಾಗಿಯೇ ಹೋಗುತ್ತದೆ. ಮೂರು ಸಲ ಮುಂದೆ ಹೋಗಿ ಹಿಂದೆ ಬಂದ ಮೇಲೆ ಯಜಮಾನರು ಕೆಳಗಿಳಿದು ಪಿನ್ನು ಕಿತ್ತು, 'ಕೈಲೇ ತಳ್ರಲಾ' ಎನ್ನುತ್ತಾರೆ. ಅಪ್ಪಟ ಗೆಲುವಿನ ದನಿಯದು.

ಇನ್ಶೂರೆನ್ಸ್ ಭಯ ಮಾತ್ರ ಇತ್ತೀಚೆಗೆ ಈ ಕೋಟೆಗೆ ಕನ್ನ ಹಾಕಿದೆ. ಲೈಸೆನ್ಸ್ ಇಲ್ಲದವರು ಓಡಿಸಿ ಅನಾಹುತವಾದರೆ, ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡುವುದುಂಟೆಂದು ವಕೀಲರೊಬ್ಬರು ಹೇಳಿದ್ದೇ ತಡ, ಯಜಮಾನರು ಮಗನನ್ನು ಹಾಸನದ ಡ್ರೈವಿಂಗ್ ಸ್ಕೂಲಿಗೆ ಅಟ್ಟುತ್ತಾರೆ. ಮಗ ಲೈಸೆನ್ಸ್ ತಂದು ಸೀಟಿನಲ್ಲಿ ಕೂರುತ್ತಾನೆ. ಚಾಲಕನ ಹೊರತು ಟ್ರ್ಯಾಕ್ಟರಿನ ಮೇಲೆ ಯಾರೂ ಕೂರುವಂತಿಲ್ಲ ಎಂಬ ನಿಯಮವೂ ಇದೆಯಷ್ಟೆ. ಅಪ್ಪ ಮಡ್‌ಗಾರ್ಡ್ ಮೇಲೆ ಕೂತು, 'ಲೆಫ್ಟ್ ಕಚ್ಚಲಾ' ಎಂದು ಹೇಳಿಕೊಡುತ್ತಿರುತ್ತಾರೆ.